ಕೋಚ್ ಅನ್ನಬೇಡಿ, ಜಾನ್ ಅನ್ನಿ

ಹೋದ ತಿಂಗಳು ಇಲ್ಲಿ ಅಮೆರಿಕದ ಮಿನ್ನೆಸೋಟಾ ರಾಜ್ಯದ ಚಳಿಗಾಲದ ಅಡುಗೆ ಬಗ್ಗೆ ಬರೆದಿದ್ದೆ. ಅದರಲ್ಲಿ ಒಂದು ಸಾಲು ಹೀಗಿತ್ತು: ಅಕ್ಟೋಬರಿನ ಶನಿವಾರ ನಾನು ಒಲೆ ಹಚ್ಚುವುದಿಲ್ಲ, ಸಣ್ಣ ಕಾಲೇಜಿನ ಹುಡುಗರ ಫುಟ್‌ಬಾಲ್ ನೋಡಲು ಹೋಗಿರುತ್ತೇನೆ. ಅಡುಗೆ ಬಗ್ಗೆ ಬಂದ ಪತ್ರ ಎರಡೇ. ಆ ಒಂದು ಸಾಲನ್ನು ಹಿಡಿದುಕೊಂಡು ಬಂದ ಪತ್ರಗಳೇ ಜಾಸ್ತಿ. ಹಾಗಾಗಿ ಈ ಸಲದ ಉತ್ತರವೆಲ್ಲ ಅದಕ್ಕೇ ಮೀಸಲು.

ಅಕ್ಕ, ನೀವು ನೋಡುವುದು ಕಾಲಿನಲ್ಲಿ ಒದೆಯುವ ಫುಟ್‌ಬಾಲೋ ಅಥವಾ ಹೆಲ್ಮೆಟ್ ಹಾಕಿಕೊಂಡು ಆಡುವುದೋ? ‘ಸಣ್ಣ ಕಾಲೇಜು’ ಅಂದರೆ ಏನು ಲೆಕ್ಕ? (ತುಮಕೂರಿನ ಓದುಗರು)

ಹೆಲ್ಮೆಟ್ಟಿನದು. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಒಂದೊಂದು ಕಡೆ 11 ಜನ. ನಾಲ್ಕು ಪ್ರಯತ್ನದಲ್ಲಿ 10 ಗಜ ಮುಂದೆ ಹೋಗಬೇಕು, ಹೋಗದಿದ್ದರೆ ಚೆಂಡು ಎದುರಾಳಿಗೆ. ಚೆಂಡನ್ನು ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, 6 ಅಂಕ. ಇಷ್ಟು ಗೊತ್ತಿದ್ದರೆ ಸಾಕು, ಉಳಿದದ್ದನ್ನು ಪಕ್ಕದಲ್ಲಿ ಕೂತವರು ಹೇಳಿಕೊಡುತ್ತಾರೆ. ನನಗೂ ಹಾಗೇ ಕಲಿಸಿದರು.

ಟಿವಿಯಲ್ಲಿ ಬರುವ ದೊಡ್ಡ ವಿಶ್ವವಿದ್ಯಾಲಯಗಳ ಪಂದ್ಯಕ್ಕೆ ಲಕ್ಷ ಜನ ಸೇರುತ್ತಾರೆ. ಅಲ್ಲಿ ಆಟಗಾರರಿಗೆ ಫೀಸು, ಊಟ, ವಸತಿ ಎಲ್ಲ ಆಟದ ಲೆಕ್ಕದಲ್ಲೇ ಸಿಗುತ್ತದೆ. ಸಣ್ಣ ಕಾಲೇಜುಗಳ ಕಥೆ ಬೇರೆ. 1973ರಲ್ಲಿ ಎನ್‌ಸಿಎಎ ಎಂಬ ಕಾಲೇಜು ಕ್ರೀಡಾ ಸಂಸ್ಥೆ ತನ್ನ ಕಾಲೇಜುಗಳನ್ನು ಮೂರು ಡಿವಿಷನ್ ಮಾಡಿತು. ಮೂರನೆಯದರಲ್ಲಿ ಆಟಕ್ಕಾಗಿ ಸ್ಕಾಲರ್‌ಶಿಪ್ ಇಲ್ಲ. ಹುಡುಗ ಬೆಳಿಗ್ಗೆ ರಸಾಯನಶಾಸ್ತ್ರದ ಪ್ರಯೋಗ ಮುಗಿಸುತ್ತಾನೆ, ಸಂಜೆ ಪ್ರಾಕ್ಟೀಸಿಗೆ ಬರುತ್ತಾನೆ. ಅವನು ಆಡುವುದು ಆಡಬೇಕು ಅನ್ನಿಸಿದ್ದಕ್ಕೆ. ನಾನು ಈ ಆಟವನ್ನು ಇಷ್ಟು ಹಚ್ಚಿಕೊಂಡಿರುವುದೂ ಅದಕ್ಕೇ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರಾಗಿದ್ದೆ. ಬಿಸಿಲಲ್ಲಿ ಓಡಿಸದೆ, ಬೈಯದೆ, ವಿಸಿಲ್ ಊದದೆ ತಂಡ ಕಟ್ಟಲು ಬರುವುದಿಲ್ಲ ಎಂದೇ ನಂಬಿದವನು. ನಿಮ್ಮ ಕಡೆಯ ಒಬ್ಬ ಕೋಚ್ ಇದ್ಯಾವುದನ್ನೂ ಮಾಡುತ್ತಿರಲಿಲ್ಲ ಎಂದು ಓದಿದೆ. ನಿಜವೇನು ತಂಗಿ? (ಹುಬ್ಬಳ್ಳಿಯ ನಿವೃತ್ತ ಶಿಕ್ಷಕರು)

ನಿಜ ಮಾಸ್ತರೇ. ಅವರ ಹೆಸರು ಜಾನ್ ಗಲಿಯಾರ್ಡಿ. ನನ್ನ ಮಗ ಓದಿದ್ದು ಅವರ ಕಾಲೇಜಿನಲ್ಲೇ. ಸೇಂಟ್ ಜಾನ್ಸ್ ವಿಶ್ವವಿದ್ಯಾಲಯ, ಕಾಲೇಜ್‌ವಿಲ್ ಎಂಬ ಊರು. ನಮ್ಮ ಸೇಂಟ್ ಕ್ಲೌಡ್‌ನಿಂದ ಕಾರಿನಲ್ಲಿ ಇಪ್ಪತ್ತು ನಿಮಿಷ. ಬೆನೆಡಿಕ್ಟಿನ್ ಸನ್ಯಾಸಿಗಳು ಕಟ್ಟಿದ, ಗಂಡುಮಕ್ಕಳ ಕಾಲೇಜು. ಸುತ್ತ ಕಾಡು, ಕೆರೆ. ಆ ಕಾಡಿನ ನಡುವೆ ಬಟ್ಟಲಿನ ಹಾಗೆ ತಗ್ಗಾದ ಜಾಗದಲ್ಲಿ ಕ್ಲೆಮೆನ್ಸ್ ಮೈದಾನ. ಇಳಿಜಾರಿನಲ್ಲಿ ಕೂತರೆ ಆಟದ ಹಿಂದೆ ಪೈನ್ ಮರಗಳು ಕಾಣುತ್ತವೆ.

ಗಲಿಯಾರ್ಡಿ ಹುಟ್ಟಿದ್ದು 1926ರಲ್ಲಿ, ಕೊಲರಾಡೋದ ಟ್ರಿನಿಡಾಡ್ ಎಂಬ ಗಣಿ ಊರಿನಲ್ಲಿ. ಇಟಲಿಯಿಂದ ಬಂದವರ ಮನೆತನ. ಅವರಿಗೆ 16 ವರ್ಷವಿದ್ದಾಗ ಅವರ ಹೈಸ್ಕೂಲಿನ ಕೋಚನ್ನು ಯುದ್ಧಕ್ಕೆ ಕರೆದರು. ತಂಡವೇ ಮುಚ್ಚಿಹೋಗುವ ಹಾಗಾಯಿತು. ಈ ಹುಡುಗ, ನಾವೇ ನಡೆಸುತ್ತೇವೆ ಬಿಡಿ ಎಂದು ಮುಂದೆ ಬಂದ. ಆಗ ಅವನು ಮಾಡಿದ ಮೊದಲ ಕೆಲಸ ಏನು ಗೊತ್ತೇ? ಆಟಗಾರನಾಗಿ ತನಗೆ ಏನೇನು ಹಿಂಸೆ ಅನ್ನಿಸಿತ್ತೋ ಅದನ್ನೆಲ್ಲ ತೆಗೆದುಹಾಕಿದ. ಆ ಕಾಲದಲ್ಲಿ ಪ್ರಾಕ್ಟೀಸಿನ ನಡುವೆ ನೀರು ಕುಡಿಯಲು ಬಿಡುತ್ತಿರಲಿಲ್ಲ. ನೀರು ಕುಡಿದರೆ ಹುಡುಗರು ಮೆತ್ತಗಾಗುತ್ತಾರೆ ಎಂಬ ನಂಬಿಕೆ. ಇವನು ಬಾಯಾರಿದವರು ಕುಡಿಯಿರಿ ಎಂದ. ತಂಡ ಗೆಲ್ಲತೊಡಗಿತು.

22ನೇ ವಯಸ್ಸಿಗೆ ಮೊಂಟಾನಾದ ಕ್ಯಾರಲ್ ಕಾಲೇಜಿನಲ್ಲಿ ಕೋಚ್ ಆದರು. 1953ರಲ್ಲಿ ಸೇಂಟ್ ಜಾನ್ಸ್‌ಗೆ ಬಂದರು. ಅವರಿಗಿಂತ ಮೊದಲು ಅಲ್ಲಿದ್ದವರು ಜಾನಿ ‘ಬ್ಲಡ್’ ಮಕ್‌ನ್ಯಾಲಿ. ವೃತ್ತಿಪರ ಫುಟ್‌ಬಾಲಿನ ದೊಡ್ಡ ಹೆಸರು. ಗಲಿಯಾರ್ಡಿ ಬಂದವರು 2012ರವರೆಗೆ ಅಲ್ಲೇ ಇದ್ದರು. 60 ಹಂಗಾಮು ಮಾಸ್ತರೇ, ಒಂದೇ ಮೈದಾನದಲ್ಲಿ. ಕ್ಯಾರಲ್‌ನ ನಾಲ್ಕನ್ನೂ ಸೇರಿಸಿದರೆ 64. ಒಟ್ಟು 489 ಗೆಲುವು, 138 ಸೋಲು, 11 ಸಮ. ಕಾಲೇಜು ಫುಟ್‌ಬಾಲಿನಲ್ಲಿ ಇಷ್ಟು ಪಂದ್ಯ ಗೆದ್ದ ಕೋಚ್ ಇನ್ನೊಬ್ಬರಿಲ್ಲ. ರಾಷ್ಟ್ರೀಯ ಪ್ರಶಸ್ತಿ ನಾಲ್ಕು ಸಲ: 1963, 1965, 1976, 2003.

ಇನ್ನು ನಿಮ್ಮ ಪ್ರಶ್ನೆ. ಅವರ ಪ್ರಾಕ್ಟೀಸಿನಲ್ಲಿ ವಿಸಿಲ್ ಇರಲಿಲ್ಲ. ಒಬ್ಬರನ್ನೊಬ್ಬರು ಕೆಡಹುವ ಟ್ಯಾಕಲ್ ಇರಲಿಲ್ಲ. ಅದನ್ನು ಶನಿವಾರಕ್ಕೆ ಇಟ್ಟುಕೊಳ್ಳಿ, ಸ್ನೇಹಿತನ ಮಂಡಿ ಯಾಕೆ ಮುರಿಯುತ್ತೀರಿ ಎಂಬ ಲೆಕ್ಕ. ಶಿಕ್ಷೆಗೆಂದು ಓಡಿಸುವುದಿಲ್ಲ. ಒಂದೂವರೆ ಗಂಟೆಯೊಳಗೆ ಎಲ್ಲ ಮುಗಿಯಬೇಕು. ಸೊಳ್ಳೆ ಜಾಸ್ತಿ ಇದ್ದರೆ ಒಳಗೆ ಹೋಗೋಣ ಎನ್ನುತ್ತಿದ್ದರು. ಮೈಕಸರತ್ತಿನ ಹೊತ್ತಿನಲ್ಲಿ ಹುಡುಗರೆಲ್ಲ ಹುಲ್ಲಿನ ಮೇಲೆ ಬೆನ್ನು ಕೊಟ್ಟು ಮಲಗಿ, ಆಕಾಶ ನೋಡುತ್ತಾ, ಇವತ್ತು ಎಂಥಾ ಒಳ್ಳೆ ದಿನ ಎಂದು ಪಕ್ಕದವನಿಗೆ ಹೇಳಬೇಕು. ಅದೂ ಒಂದು ಕಸರತ್ತೇ. ಹೊಸ ಹುಡುಗರು ಮೊದಲ ದಿನ ಬೆರಗಾಗುತ್ತಿದ್ದರಂತೆ.

ಎಲ್ಲಕ್ಕಿಂತ ನನ್ನ ಮನಸ್ಸಿಗೆ ತಾಗಿದ್ದು ಬೇರೆ. ಯಾರೂ ಅವರನ್ನು ಕೋಚ್ ಎಂದು ಕರೆಯುವ ಹಾಗಿರಲಿಲ್ಲ. ಜಾನ್ ಅನ್ನಬೇಕು. ಹದಿನೆಂಟರ ಹುಡುಗ ಎಪ್ಪತ್ತೈದರ ಮುದುಕರನ್ನು ‘ಜಾನ್’ ಎಂದು ಕೂಗುವುದನ್ನು ಮೊದಲ ಸಲ ಕೇಳಿದಾಗ ನನಗೆ ಮೈ ಜುಮ್ಮೆಂದಿತು. ಸಾಗರದಲ್ಲಿ ಬೆಳೆದವಳು ನಾನು. ಮೇಷ್ಟ್ರ ಹೆಸರನ್ನು ಮನೆಯೊಳಗೂ ಎತ್ತುತ್ತಿರಲಿಲ್ಲ. ಆದರೆ ಮೂರು ವರ್ಷ ಹತ್ತಿರದಿಂದ ನೋಡಿದೆ. ಆ ಹುಡುಗರಲ್ಲಿ ಗೌರವ ಒಂದು ಕಾಳಿನಷ್ಟೂ ಕಡಿಮೆ ಇರಲಿಲ್ಲ. ಅವರು ಮಾತಾಡಿದರೆ ಮೈದಾನ ಸುಮ್ಮನಾಗುತ್ತಿತ್ತು.

ಇನ್ನೊಂದು. ಅವರು ಆಟಕ್ಕೆ ಬಂದ ಯಾರನ್ನೂ ನೀನು ಬೇಡ ಎಂದು ವಾಪಸ್ ಕಳಿಸುತ್ತಿರಲಿಲ್ಲ. ಹಾಗಾಗಿ ತಂಡದಲ್ಲಿ ನೂರೈವತ್ತಕ್ಕೂ ಜಾಸ್ತಿ ಹುಡುಗರು. ಮಗನ ಹಾಸ್ಟೆಲ್ಲಿನ ಪಕ್ಕದ ಕೋಣೆಯ ಹುಡುಗ ನಾಲ್ಕು ವರ್ಷ ತಂಡದಲ್ಲಿದ್ದ. ಪಂದ್ಯದಲ್ಲಿ ಅವನು ಮೈದಾನಕ್ಕೆ ಇಳಿದದ್ದು ಬೆರಳೆಣಿಕೆ. ಆದರೂ ಪ್ರತಿ ಶನಿವಾರ ಕೆಂಪು ಜೆರ್ಸಿ ತೊಟ್ಟು ಗೆರೆಯ ಬಳಿ ನಿಲ್ಲುತ್ತಿದ್ದ. ಅವನ ಅಪ್ಪ ಅಮ್ಮ ಮೂರು ಗಂಟೆ ಕಾರು ಓಡಿಸಿಕೊಂಡು ಬರುತ್ತಿದ್ದರು, ಅವನು ನಿಂತಿರುವುದನ್ನು ನೋಡುವುದಕ್ಕೆ. ಈಗಲೂ ಬರುತ್ತಾರೆ. ಮಗ ಓದು ಮುಗಿಸಿ ಇಪ್ಪತ್ತು ವರ್ಷ ಆಯಿತು.

2003ರಲ್ಲಿ ಗಲಿಯಾರ್ಡಿ ಮುರಿದ, ಅತಿ ಹೆಚ್ಚು ಗೆಲುವಿನ ದಾಖಲೆ ಮೊದಲು ಯಾರ ಹೆಸರಲ್ಲಿತ್ತು? ಆ ಪಂದ್ಯ ನೀವು ನೋಡಿದಿರಾ? (ಕಲಬುರಗಿಯ ವಿದ್ಯಾರ್ಥಿನಿ)

ನೋಡಿದೆ ಮಗಳೇ. 2003ರ ನವೆಂಬರ್ 8. ಎದುರಾಳಿ ಬೆಥೆಲ್. ಕ್ಲೆಮೆನ್ಸ್ ಮೈದಾನಕ್ಕೆ ಅವತ್ತು 13 ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು. ಕೂರಲು ಜಾಗವಿಲ್ಲದೆ ನಾವು ಮರಗಳ ಕೆಳಗೆ ನಿಂತೇ ನೋಡಿದೆವು. ಚಳಿಗೆ ನನ್ನ ಕಾಲು ಮರಗಟ್ಟಿತ್ತು. ಸೇಂಟ್ ಜಾನ್ಸ್ 29, ಬೆಥೆಲ್ 26. ಗಲಿಯಾರ್ಡಿ ಅವರ 409ನೇ ಗೆಲುವು. ನಮ್ಮ ಪಕ್ಕದ ಮನೆಯ ಅಜ್ಜ ನನ್ನ ಭುಜ ಹಿಡಿದುಕೊಂಡು ಅತ್ತುಬಿಟ್ಟರು. 1950ರ ದಶಕದಿಂದ ಬರುತ್ತಿದ್ದವರು ಅವರು. ಮೊದಲ ಸಲ ಅಪ್ಪನ ಜೊತೆ, ಹೊಲದ ಕೆಲಸ ಮುಗಿಸಿ, ಟ್ರಕ್ಕಿನಲ್ಲಿ ಬಂದಿದ್ದರಂತೆ.

ಅದೇ ಡಿಸೆಂಬರ್ 20ಕ್ಕೆ ವರ್ಜೀನಿಯಾದ ಸೇಲಂನಲ್ಲಿ ಫೈನಲ್. ಅದಕ್ಕೆ ಸ್ಟ್ಯಾಗ್ ಬೌಲ್ ಎನ್ನುತ್ತಾರೆ. ಎದುರಿಗೆ ಓಹಾಯೋದ ಮೌಂಟ್ ಯೂನಿಯನ್. ಸತತ 55 ಪಂದ್ಯ ಗೆದ್ದುಕೊಂಡು ಬಂದಿದ್ದ ತಂಡ. ಆ ಅಜ್ಜನ ಮನೆಯಲ್ಲಿ ಟಿವಿ ಮುಂದೆ ಕೂತು ನೋಡಿದೆವು. ನಾನು ಅವಲಕ್ಕಿ ಒಗ್ಗರಣೆ ಮಾಡಿಕೊಂಡು ಹೋಗಿದ್ದೆ. 24-6ಕ್ಕೆ ನಮ್ಮವರು ಗೆದ್ದರು. ಬಟ್ಟಲು ಖಾಲಿಯಾದದ್ದು ಯಾರಿಗೂ ಗೊತ್ತಾಗಲಿಲ್ಲ.

ಈಗ ನಿನ್ನ ಮೊದಲ ಪ್ರಶ್ನೆ. ಅದಕ್ಕೆ ಮೊದಲು 408 ಗೆಲುವಿನ ದಾಖಲೆ ಎಡ್ಡಿ ರಾಬಿನ್ಸನ್ ಅವರದು. ಅವರ ವಿಷಯ ಹೇಳದಿದ್ದರೆ ಈ ಅಂಕಣ ಅರ್ಧವೇ. ಲೂಯಿಸಿಯಾನಾದ ಗ್ರಾಂಬ್ಲಿಂಗ್ ಎಂಬ ಪುಟ್ಟ ಊರು. ಅಲ್ಲೊಂದು ಕಪ್ಪು ಜನರ ಕಾಲೇಜು. ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರ ಕಾಲೇಜಿನ ಬಾಗಿಲು ಅವರಿಗೆ ಮುಚ್ಚಿದ್ದ ಕಾಲ ಅದು. ಪಶು ಆಹಾರದ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದ 22 ವರ್ಷದ ರಾಬಿನ್ಸನ್ 1941ರಲ್ಲಿ ಅಲ್ಲಿಗೆ ಕೋಚ್ ಆಗಿ ಬಂದರು. ಮರುವರ್ಷ ಅವರ ತಂಡ ಒಂಬತ್ತಕ್ಕೆ ಒಂಬತ್ತೂ ಗೆದ್ದಿತು. ಅಷ್ಟೇ ಅಲ್ಲ, ಇಡೀ ವರ್ಷ ಎದುರಾಳಿಗಳಿಗೆ ಒಂದೇ ಒಂದು ಅಂಕ ಕೊಡಲಿಲ್ಲ. ಅವರು 1997ರವರೆಗೆ ಅಲ್ಲೇ ಇದ್ದರು. 1949ರಲ್ಲಿ ಅವರ ಹುಡುಗ ಟ್ಯಾಂಕ್ ಯಂಗರ್, ಲಾಸ್ ಏಂಜಲೀಸ್ ರಾಮ್ಸ್ ಸೇರಿದ. ಕಪ್ಪು ಜನರ ಕಾಲೇಜಿನಿಂದ ವೃತ್ತಿಪರ ಲೀಗಿಗೆ ಹೋದ ಮೊದಲಿಗ. ಇನ್ನೊಬ್ಬ ಹುಡುಗ ಡಗ್ ವಿಲಿಯಮ್ಸ್ 1988ರ ಸೂಪರ್ ಬೌಲ್, ಅಂದರೆ ವೃತ್ತಿಪರ ಲೀಗಿನ ಫೈನಲ್, ಗೆದ್ದ ವಾಷಿಂಗ್ಟನ್ ತಂಡದ ಕ್ವಾರ್ಟರ್‌ಬ್ಯಾಕ್, ಚೆಂಡು ಎಸೆದು ಆಟ ನಡೆಸುವವನು. ಆ ದಿನದ ಅತ್ಯುತ್ತಮ ಆಟಗಾರನೂ ಅವನೇ.

ಗಲಿಯಾರ್ಡಿ ಹೆಸರು ಬಂದಾಗಲೆಲ್ಲ ಪಕ್ಕದ ಮನೆಯ ಆ ಅಜ್ಜ, ರಾಬಿನ್ಸನ್ ಹೆಸರನ್ನೂ ತರುತ್ತಿದ್ದರು. ರಾಬಿನ್ಸನ್‌ಗೆ ಸಿಕ್ಕ ದಾರಿ ನಮ್ಮ ಜಾನ್‌ಗೆ ಸಿಕ್ಕಿದ್ದಕ್ಕಿಂತ ಕಷ್ಟದ್ದು ಎಂದು ಹೇಳದೆ ಬಿಡುತ್ತಿರಲಿಲ್ಲ.

ಬರೀ ಗೆದ್ದವರ ಕಥೆ ಹೇಳುತ್ತೀರಿ. ನಮ್ಮ ಊರಿನ ವಾಲಿಬಾಲ್ ತಂಡ ಏಳು ವರ್ಷದಿಂದ ಸೋಲುತ್ತಿದೆ. ನಮ್ಮಂಥವರು ಅಲ್ಲಿ ಯಾರಾದರೂ ಇದ್ದಾರಾ? (ಕುಂದಾಪುರದ ಓದುಗರು)

ಇದ್ದಾರೆ, ಮತ್ತೆ ಅವರನ್ನು ಯಾರೂ ಮರೆತಿಲ್ಲ.

1963ರಲ್ಲಿ ಸೇಂಟ್ ಜಾನ್ಸ್ ಮೊದಲ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು ಎಂದೆನಲ್ಲ, ಆ ಫೈನಲ್ ನಡೆದದ್ದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೋದಲ್ಲಿ. ಎದುರಾಳಿ ಟೆಕ್ಸಾಸಿನ ಪ್ರೇರಿ ವ್ಯೂ ಎ ಅಂಡ್ ಎಂ. ಅದೂ ಕಪ್ಪು ಜನರ ಕಾಲೇಜೇ. ಬಿಲ್ಲಿ ನಿಕ್ಸ್ ಎಂಬ ಕೋಚ್ ಕೈಯಲ್ಲಿ ಪಳಗಿದ ಬಲಶಾಲಿ ತಂಡ. ಮುಂದೆ ವೃತ್ತಿಪರ ಲೀಗಿನಲ್ಲಿ ಹೆಸರು ಮಾಡಿದ ಓಟಿಸ್ ಟೇಲರ್ ಅಂಥವರು ಆಡುತ್ತಿದ್ದರು. 33-27ಕ್ಕೆ ಸೇಂಟ್ ಜಾನ್ಸ್ ಗೆದ್ದಿತು. ಆ ಪಂದ್ಯ ಯಾರ ಕಡೆಗೂ ಹೋಗಬಹುದಿತ್ತು ಎಂದು ಹಳಬರು ಈಗಲೂ ಹೇಳುತ್ತಾರೆ.

ಅದೇ ಪ್ರೇರಿ ವ್ಯೂಗೆ ಮುಂದೆ ಏನಾಯಿತು ಕೇಳಿ. ದೊಡ್ಡ ವಿಶ್ವವಿದ್ಯಾಲಯಗಳು ಕಪ್ಪು ಹುಡುಗರನ್ನು ಸೇರಿಸಿಕೊಳ್ಳತೊಡಗಿದವು. ಒಳ್ಳೆಯದೇ ಆಯಿತು, ಆದರೆ ಒಳ್ಳೆ ಆಟಗಾರರು ಆ ಕಡೆ ಹೊರಟರು. ಇತ್ತ ದುಡ್ಡೂ ಇಲ್ಲ. 1990ರಲ್ಲಿ ತಂಡವನ್ನೇ ಒಂದು ವರ್ಷ ನಿಲ್ಲಿಸಿದರು. 1989ರಿಂದ ಶುರುವಾದ ಸೋಲು 80 ಪಂದ್ಯಕ್ಕೆ ಬಂತು. ಎಂಬತ್ತು! 1998ರ ಸೆಪ್ಟೆಂಬರ್ 26ರಂದು ಒಕ್ಲಹೋಮಾ ಸಿಟಿಯಲ್ಲಿ ಲ್ಯಾಂಗ್‌ಸ್ಟನ್ ತಂಡವನ್ನು 14-12ಕ್ಕೆ ಸೋಲಿಸಿದರು. ಅಷ್ಟು ವರ್ಷ ಸೋಲುತ್ತಿದ್ದ ತಂಡಕ್ಕೂ ಹುಡುಗರು ಬರುತ್ತಲೇ ಇದ್ದರು, ಕಾಲೇಜಿನ ಬ್ಯಾಂಡ್ ಬಾರಿಸುತ್ತಲೇ ಇತ್ತು.

ನಮ್ಮ ರಾಜ್ಯದಲ್ಲೇ ಇನ್ನೊಂದಿದೆ. ಸೇಂಟ್ ಪಾಲ್ ನಗರದ ಮ್ಯಾಕಲೆಸ್ಟರ್ ಕಾಲೇಜು. ಓದಿನಲ್ಲಿ ದೊಡ್ಡ ಹೆಸರು. ಅವರು 1974ರಿಂದ ಸತತ 50 ಪಂದ್ಯ ಸೋತರು. 1980ರ ಸೆಪ್ಟೆಂಬರಿನಲ್ಲಿ ಮೌಂಟ್ ಸಿನಾರಿಯೋ ಎಂಬ ಕಾಲೇಜಿನ ಎದುರು, ಕೊನೆಯ ಕೆಲವೇ ಸೆಕೆಂಡು ಇರುವಾಗ ಚೆಂಡನ್ನು ಕಂಬಗಳ ನಡುವೆ ಒದ್ದು, 17-14ಕ್ಕೆ ಗೆದ್ದರು. ಅವತ್ತು ಆಡಿದವರಿಗೆ ಈಗ ಅರವತ್ತು ದಾಟಿದೆ. ಅವರಲ್ಲೊಬ್ಬರನ್ನು ನಾನು ಒಮ್ಮೆ ಮದುವೆ ಮನೆಯಲ್ಲಿ ಭೇಟಿಯಾದೆ. ಆ ಒದೆತದ ಕಥೆ ಹೇಳುವಾಗ ಎದ್ದು ನಿಂತುಬಿಟ್ಟರು.

ಏಳು ವರ್ಷಕ್ಕೆ ಬಿಡಬೇಡಿ. ಈ ಸಲವೂ ತಂಡ ಇಳಿಸಿ.

ಸಣ್ಣ ಕಾಲೇಜು ದೊಡ್ಡ ವಿಶ್ವವಿದ್ಯಾಲಯವನ್ನು ಸೋಲಿಸಿದ್ದು ಉಂಟೇ? (ಚಿತ್ರದುರ್ಗದ ಓದುಗರು)

ಉಂಟು, ಅದೂ ಹಾರ್ವರ್ಡ್ ಅನ್ನು. 1921ರ ಅಕ್ಟೋಬರ್ 29. ಕೆಂಟಕಿಯ ಡ್ಯಾನ್‌ವಿಲ್ ಊರಿನ ಸೆಂಟರ್ ಕಾಲೇಜು. ಆಗ ಅಲ್ಲಿದ್ದ ವಿದ್ಯಾರ್ಥಿಗಳು ಮುನ್ನೂರೂ ತುಂಬುತ್ತಿರಲಿಲ್ಲ. ಹಿಂದಿನ ವರ್ಷ ಇದೇ ಹಾರ್ವರ್ಡ್ ಎದುರು 31-14ಕ್ಕೆ ಸೋತಿದ್ದರು. ಹಾರ್ವರ್ಡ್ ಅಂದರೆ ಆಗ ಫುಟ್‌ಬಾಲಿನಲ್ಲೂ ಮೇಲಿನ ಸಾಲು, ವರ್ಷಗಟ್ಟಲೆ ಸೋತಿರಲಿಲ್ಲ. ಮೂರನೇ ಕ್ವಾರ್ಟರಿನಲ್ಲಿ ಬೋ ಮಕ್‌ಮಿಲಿನ್ ಎಂಬ ಕ್ವಾರ್ಟರ್‌ಬ್ಯಾಕ್ 32 ಗಜ ಓಡಿ ಟಚ್‌ಡೌನ್ ಮಾಡಿದ. 6-0. ಪಂದ್ಯ ಹಾಗೇ ಮುಗಿಯಿತು.

ಊರಿನಲ್ಲಿ ಹುಡುಗರು ಗೋಡೆಗಳ ಮೇಲೆ ‘ಸಿ6ಎಚ್0’ ಎಂದು ಬಣ್ಣದಲ್ಲಿ ಬರೆದರು. ರಸಾಯನಶಾಸ್ತ್ರದ ಸೂತ್ರದ ಹಾಗೆ. ಅರ್ಥ: ಸೆಂಟರ್ 6, ಹಾರ್ವರ್ಡ್ 0. ಹಳೆಯ ಅಂಚೆ ಕಚೇರಿಯ ಗೋಡೆಯ ಮೇಲಿನ ಬರಹವನ್ನು ಇಂದಿಗೂ ಉಳಿಸಿಕೊಂಡಿದ್ದಾರೆ.

ಅದೇ ಕಾಲೇಜಿನಲ್ಲಿ ಓದಿದ ಫ್ರೆಡ್ ವಿನ್ಸನ್ ಅಮೆರಿಕದ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆದರು. ಕಾಲೇಜಿನ ಫುಟ್‌ಬಾಲ್ ಎಂದರೆ ಅವರಿಗೆ ಪ್ರಾಣ. 1953ರಲ್ಲಿ ತೀರಿಕೊಂಡರು. ಅವರಿದ್ದ ವಿದ್ಯಾರ್ಥಿ ಸಂಘದ ಹುಡುಗರು ಅವರ ಭಾವಚಿತ್ರವನ್ನು ಪಂದ್ಯಕ್ಕೆ ಹೊತ್ತು ತರುತ್ತಾರೆ, ಅವರೂ ನೋಡಲಿ ಎಂದು. ಪ್ರೀತಿಯಿಂದ ‘ಡೆಡ್ ಫ್ರೆಡ್’ ಎಂದು ಕರೆಯುತ್ತಾರೆ. ಇದನ್ನು ಕೇಳಿದಾಗ ನನಗೆ ವಿಚಿತ್ರ ಅನ್ನಿಸಲೇ ಇಲ್ಲ. ಹಿರಿಯರ ಫೋಟೋ ಇಟ್ಟು ಹಬ್ಬ ಮಾಡುವ ಮನೆಯಿಂದ ಬಂದವಳಲ್ವಾ.

ನಿಮ್ಮ ಕಡೆ ಪ್ರತಿವರ್ಷ ನಡೆಯುತ್ತಿದ್ದ ಸೇಂಟ್ ಜಾನ್ಸ್, ಸೇಂಟ್ ಥಾಮಸ್ ಕಾಲೇಜುಗಳ ಪಂದ್ಯ ನಿಂತುಹೋಯಿತಂತೆ. ಯಾಕೆ? (ಬೆಂಗಳೂರಿನ, ಮೊದಲು ಮಿನಿಯಾಪೊಲಿಸ್‌ನಲ್ಲಿದ್ದ ಓದುಗರು)

ಇದಕ್ಕೆ ಉತ್ತರ ಬರೆಯಲು ನನಗೆ ಇಷ್ಟವಿಲ್ಲ, ಆದರೂ ಬರೆಯುತ್ತೇನೆ.

ಎರಡೂ ಕ್ಯಾಥೊಲಿಕ್ ಕಾಲೇಜು. ಒಂದು ಕಾಡಿನಲ್ಲಿ, ಇನ್ನೊಂದು ಸೇಂಟ್ ಪಾಲ್ ನಗರದಲ್ಲಿ. ಮೊದಲ ಪಂದ್ಯ 1901ರಲ್ಲಿ. ಅಣ್ಣ ಒಂದು ಕಡೆ ಓದಿದರೆ ತಮ್ಮ ಇನ್ನೊಂದು ಕಡೆ. ಒಂದೇ ಮನೆಯಲ್ಲಿ ಕೆಂಪು ಟೋಪಿ, ನೇರಳೆ ಟೋಪಿ ಎರಡೂ ಇರುತ್ತಿದ್ದವು. 2017ರಲ್ಲಿ ಮಿನಿಯಾಪೊಲಿಸ್‌ನ ಬೇಸ್‌ಬಾಲ್ ಮೈದಾನ ಟಾರ್ಗೆಟ್ ಫೀಲ್ಡ್‌ನಲ್ಲಿ ಆಡಿದರು. 37,355 ಜನ ಬಂದರು. ಮೂರನೇ ಡಿವಿಷನ್‌ನಲ್ಲಿ ಅಷ್ಟು ಜನ ಸೇರಿದ್ದು ಅದೇ ಮೊದಲು. ನಾವು 20-17ಕ್ಕೆ ಸೋತೆವು.

ಸೇಂಟ್ ಥಾಮಸ್ ಬೆಳೆಯುತ್ತಾ ಹೋಯಿತು. ಅದೇ 2017ರಲ್ಲಿ ಸೇಂಟ್ ಓಲಫ್ ಕಾಲೇಜನ್ನು 97-0ಕ್ಕೆ ಸೋಲಿಸಿತು. ಉಳಿದ ಸಣ್ಣ ಕಾಲೇಜುಗಳಿಗೆ ಇನ್ನು ಸಾಕು ಅನ್ನಿಸಿತು. 2019ರಲ್ಲಿ, ಇವರೆಲ್ಲ ಒಟ್ಟಿಗೆ ಆಡುತ್ತಿದ್ದ ಲೀಗಿನಿಂದ ಸೇಂಟ್ ಥಾಮಸ್‌ಗೆ ಹೊರಗೆ ಹೋಗಲು ಹೇಳಿದರು. 2021ರಲ್ಲಿ ಸೇಂಟ್ ಥಾಮಸ್ ನೇರವಾಗಿ ಮೂರರಿಂದ ಒಂದನೇ ಡಿವಿಷನ್‌ಗೆ ಏರಿತು. ಸಣ್ಣವರ ಸಂಕಟ ನನಗೆ ಅರ್ಥವಾಗುತ್ತದೆ. 97-0 ಎಂದರೆ ಆಟವೇ ಅಲ್ಲ. ಆದರೂ ನೂರು ವರ್ಷ ಮೀರಿದ ಪಂದ್ಯವನ್ನು ಉಳಿಸಿಕೊಳ್ಳುವ ದಾರಿ ಹುಡುಕಬೇಕಿತ್ತು ಎಂದು ನನ್ನ ಅಭಿಪ್ರಾಯ. ವರ್ಷಕ್ಕೆ ಒಂದು ದಿನ ಸಾಕಿತ್ತು.

ಕೊನೆಯದು 2019ರ ಅಕ್ಟೋಬರ್‌ನಲ್ಲಿ, ಸೇಂಟ್ ಪಾಲ್‌ನ ಅಲಿಯಾನ್ಸ್ ಫೀಲ್ಡ್‌ನಲ್ಲಿ. 38-20ಕ್ಕೆ ಸೇಂಟ್ ಜಾನ್ಸ್ ಗೆದ್ದಿತು. ಗಲಿಯಾರ್ಡಿ ಅದಕ್ಕೆ ಒಂದು ವರ್ಷ ಮೊದಲು, 2018ರ ಅಕ್ಟೋಬರ್ 7ರಂದು, 91ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಪಂದ್ಯ ಮುಗಿದ ಮೇಲೂ ಜನ ಎದ್ದು ಹೋಗಲಿಲ್ಲ. ಪಕ್ಕದಲ್ಲಿ ನೇರಳೆ ಟೋಪಿಯ ಹೆಂಗಸೊಬ್ಬರು ಕೂತಿದ್ದರು. ಪರಿಚಯವೇ ಇರಲಿಲ್ಲ. ಥರ್ಮಾಸಿನಲ್ಲಿ ಉಳಿದಿದ್ದ ಕಾಫಿಯನ್ನು ಇಬ್ಬರೂ ಹಂಚಿಕೊಂಡು ಕುಡಿದೆವು.

ಮುಂದಿನ ಸೆಪ್ಟೆಂಬರಿಗೆ ಮಗಳ ಮನೆಗೆ ಬರುತ್ತಿದ್ದೇವೆ. ನಮ್ಮಂಥ ವಯಸ್ಸಾದವರು ಒಂದು ಪಂದ್ಯ ನೋಡಬಹುದಾ? (ಮಂಡ್ಯದ ದಂಪತಿ)

ಖಂಡಿತ ಬನ್ನಿ. ಹಂಗಾಮು ಸೆಪ್ಟೆಂಬರಿನಿಂದ ನವೆಂಬರ್ ನಡುವಿನವರೆಗೆ. ಪಂದ್ಯ ಸಾಮಾನ್ಯವಾಗಿ ಶನಿವಾರ ಮಧ್ಯಾಹ್ನ. ಮಗಳು ಯಾವ ಊರಲ್ಲಿದ್ದರೂ ಪರವಾಗಿಲ್ಲ, ಸುತ್ತಮುತ್ತ ಇಂಥ ಕಾಲೇಜೊಂದು ಇದ್ದೇ ಇರುತ್ತದೆ. ಇಂಡಿಯಾನಾದಲ್ಲಿದ್ದರೆ ವಾಬಾಶ್ ಮತ್ತು ಡಿಪಾವ್ ಪಂದ್ಯ ಬಿಡಬೇಡಿ. ಗೆದ್ದವರು 300 ಪೌಂಡಿನ ರೈಲು ಗಂಟೆಯನ್ನು ಮನೆಗೆ ಒಯ್ಯುತ್ತಾರೆ, 1932ರಿಂದ ನಡೆದು ಬಂದದ್ದು. ಮ್ಯಾಸಚೂಸೆಟ್ಸ್ ಆದರೆ ವಿಲಿಯಮ್ಸ್ ಮತ್ತು ಆಮ್‌ಹರ್ಸ್ಟ್. ಅವರು 1884ರಿಂದ ಆಡುತ್ತಿದ್ದಾರೆ.

ಸ್ವೆಟರ್, ಟೋಪಿ, ಕೂರಲು ಒಂದು ದಪ್ಪ ಕಂಬಳಿ ಇರಲಿ. ಸೆಪ್ಟೆಂಬರಿನಲ್ಲೂ ಸಂಜೆ ಗಾಳಿ ಚುಚ್ಚುತ್ತದೆ. ಮನೆಯಿಂದ ಚಕ್ಕುಲಿ ತಂದರೆ ಅಕ್ಕಪಕ್ಕದವರಿಗೂ ಕೊಡಿ. ನಮ್ಮ ಕಾಲೇಜ್‌ವಿಲ್‌ಗೇ ಬಂದರೆ ಸನ್ಯಾಸಿಗಳ ಕಾಲದಿಂದ ಬಂದ ಕಂದು ಬ್ರೆಡ್ ಸಿಗುತ್ತದೆ, ‘ಜಾನಿ ಬ್ರೆಡ್’ ಎಂದು ಕೇಳಿ. ಆಮೇಲೆ ಇಳಿಜಾರಿನ ಮೇಲಿನ ಸಾಲಿಗೆ ಬನ್ನಿ. ಕೆಂಪು ಶಾಲು ಹೊದ್ದು, ಪಕ್ಕದಲ್ಲಿ ಕೋಲು ಹಿಡಿದ ಒಬ್ಬ ಅಜ್ಜನ ಜೊತೆ ಕೂತಿರುವವಳು ನಾನೇ. ಅವರ ಹತ್ತಿರ 2003ರ ಬೆಥೆಲ್ ಪಂದ್ಯದ ಬಗ್ಗೆ ಕೇಳಿ. ನಿಧಾನವಾಗಿ ಹೇಳುತ್ತಾರೆ, ಒಂದು ಆಟವನ್ನೂ ಬಿಡುವುದಿಲ್ಲ.